ಮಕ್ಕಳಿಗೆ ಮನೆಯಲ್ಲೇ ಕಲಿಸಬಹುದೇ?



“ಮನೆಯಲ್ಲೇ ನಾಲ್ಕು ಅಕ್ಷರ ಕಲಿಸಿದರೆ ಸಾಲದೇ? ಸಾಲಿಗೇ ಯಾಕೆ ಕಳಿಸಬೇಕು?” ಹತ್ತಿ ಬಿಡಿಸುವ ದಿನಗಳು ಬಂದಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಳ್ಳಿಗಳಲ್ಲಿ ಈ ಮಾತು ಕೇಳುವುದುಂಟು. ದೊಡ್ಡ ಪಟ್ಟಣಗಳ ಓದು ಬಲ್ಲ ತಂದೆತಾಯಿಗಳೂ ಇದನ್ನೇ ಕೇಳಿದ್ದಾರೆ. ಆದುದರಿಂದ ಕಾಯಿದೆಯ ಮಾತನ್ನು ತಿಳಿದಿರುವುದು ಅವಶ್ಯ.

ಹಿಂದೆ ಕೂಲಿಮಠದ ಐಗಳು ಮಳಲಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಕ್ಕಳನ್ನು ಕಳಿಸುವುದು ಬಿಡುವುದು ಹಿರಿಯರ ಇಚ್ಛೆಯಾಗಿತ್ತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1947ರ ಪ್ರಾಥಮಿಕ ಶಿಕ್ಷಣ ಕಾಯಿದೆಯೂ, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯೂ ಬಂದವು. 2002ರ ಸಂವಿಧಾನ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ 10ನೆಯ ಕಲಮು ಹೇಳುತ್ತದೆ.

ಮನೆಪಾಠದ ಪಕ್ಷದವರು ಇದಕ್ಕೆ ತಕರಾರು ತೆಗೆದು 2011ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯದವರೆಗೂ ಹೋದರು. ಕಲಿಕೆ ಬೇಕು ನಿಜ, ಅದು ಶಾಲೆಯ ಗೋಡೆಯೊಳಗೇ ಆಗಬೇಕೇಕೆ ಎಂಬುದು ಅವರ ವಾದ. ಈ ಮಾತು ಪೂರಾ ಪೊಳ್ಳಲ್ಲ. ಆದರೆ ಹಾಗೆ ಬಿಟ್ಟುಕೊಟ್ಟರೆ, ಕಲಿಸುತ್ತೇವೆಂದು ಹೇಳಿ ಮಗುವನ್ನು ದುಡಿಸುವವರನ್ನು ಗುರುತಿಸುವುದು ಹೇಗೆ? ತೀವ್ರ ಇಲ್ಲವೆ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿಗೆ ಮಾತ್ರ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ಸ್ಪಷ್ಟವಾಗಿ ಕೊಟ್ಟಿದೆ. ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ ಮುಖ್ಯ ಗುರುಗಳನ್ನು ಕಂಡು ಕೇಳಿರಿ.

ಉಳಿದಂತೆ, ಶಾಲೆಗೆ ಸೇರಿಸದ ತಂದೆತಾಯಿಗಳಿಗೆ ಈ ಕಾಯಿದೆ ದಂಡ ಹೇಳಿಲ್ಲ. ನಷ್ಟವಾಗುವುದು ಮಗುವಿಗೆ. ಮಗಳು ಮನೆಯಲ್ಲುಳಿದು ತಮ್ಮನನ್ನು ಆಡಿಸಿದರೆ, ಎತ್ತಿಗೆ ಮೇವು ಹಾಕಿದರೆ ಅದು ಮನೆಪಾಠವಾಗದು. ಹತ್ತಿ ಮಾರಿದ ಪಟ್ಟಿಯನ್ನು ಅವಳ ಕೈಗೆ ಕೊಟ್ಟು ತೂಕ, ದರ, ಕಡಿತಗಳನ್ನು ಓದಿಸಿ, ಲೆಕ್ಕ ಕೂಡಿಸಿ ನೋಡಿರಿ. ಬಾರದಿದ್ದರೆ ಮನೆಯಲ್ಲಿ ಕಲಿತದ್ದೇನೆಂಬುದು ಅಲ್ಲೇ ತಿಳಿಯುತ್ತದೆ.

ಹಾಗೆಂದು ಮಕ್ಕಳು ಹೊಲದ ಕಡೆ ಕಾಲಿಡಬಾರದೆಂದಲ್ಲ. ಶಾಲೆ ಬಿಟ್ಟ ಮೇಲೆ ಇಲ್ಲವೆ ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸಕ್ಕೆ ಅವರು ನೆರವಾಗಲು 2016ರ ಬಾಲಕಾರ್ಮಿಕ ಕಾಯಿದೆಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಓದಿಗೆ ಅಡ್ಡಿಯಾಗಬಾರದು, ಅಷ್ಟೇ. ಬೆಳೆಗೆ ಎಣ್ಣೆ ಹೊಡೆಯಲು ಮಾತ್ರ ಮಕ್ಕಳನ್ನು ಹಚ್ಚಬೇಡಿರಿ.

ನಡುವೆ ಶಾಲೆ ಬಿಟ್ಟ ಮಗುವಿಗೂ ಬಾಗಿಲು ಮುಚ್ಚಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು; ವಯಸ್ಸಿನ ದಾಖಲೆಯಿಲ್ಲವೆಂದು ತಿರುಗಿ ಕಳಿಸುವಂತಿಲ್ಲ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡ್ರಬಹುದು.

ಶಾಲೆಯಲ್ಲಿ ಪಾಠ ಸರಿಯಾಗಿ ನಡೆಯದಿದ್ದರೆ ಮಗುವನ್ನು ಬಿಡಿಸಬೇಡಿರಿ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧ ಹೆಣ್ಣುಮಕ್ಕಳಿರಬೇಕು ಎಂದು ಕಾಯಿದೆಯಿದೆ. ಸಭೆಗೆ ಹೋಗಿರಿ, ಎದ್ದು ಕೇಳಿರಿ. ಊರ ಶಾಲೆ ಊರವರದು.