ಅಂತರ್ಜಲ ವಿಜ್ಞಾನಿಯ ಹೆಸರಿನಲ್ಲೊಂದು ಪದಕ

ಅಂತರ್ಜಲವನ್ನೇ, ಅಂದರೆ ಮಣ್ಣಿನ ಕಣಗಳ ನಡುವೆಯೂ ಬಂಡೆಯ ಬಿರುಕುಗಳಲ್ಲಿಯೂ ಸೇರಿಕೊಂಡ ನೀರನ್ನೇ, ಜೀವಮಾನದ ಅಧ್ಯಯನವಾಗಿಸಿಕೊಂಡವರ ನೆನಪಿನ ಪುರಸ್ಕಾರಗಳಲ್ಲಿ ಅಮೆರಿಕದ ಭೂವಿಜ್ಞಾನ ಸಂಘವು 1965ರಿಂದ ನೀಡುತ್ತಿರುವ ಆಸ್ಕರ್ ಮೈನ್ಜರ್ ಪ್ರಶಸ್ತಿ ಹೆಸರುವಾಸಿಯಾದದ್ದು. ಆದರೆ ಅದು ಪ್ರಕಟಿತ ಸಂಶೋಧನೆಗೆ ಸಲ್ಲುವ ಗೌರವ. ವಿದ್ಯಾರ್ಥಿಗಳ ಮಟ್ಟದಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳು ಪಾಲಿಸಿಕೊಂಡು ಬಂದಿರುವುದು ದತ್ತಿ ಪದಕದ ಪದ್ಧತಿಯನ್ನು: ದಿವಂಗತರ ಕುಟುಂಬದವರೋ ಶಿಷ್ಯರೋ ಇಟ್ಟ ಮೂಲಧನವನ್ನು ಮುಟ್ಟದೆ, ಬಡ್ಡಿಯಲ್ಲಿ ಪ್ರತಿವರ್ಷ ಘಟಿಕೋತ್ಸವದಂದು ಪದಕ ನೀಡಲಾಗುತ್ತದೆ. ಅದು ಸಾಮಾನ್ಯವಾಗಿ ಸಲ್ಲುವುದು ಹೆಚ್ಚು ಅಂಕ ಪಡೆದವರಿಗೆ. ಅಂತರ್ಜಲದ ಮಟ್ಟಿಗೆ ಈ ಅಳತೆಗೋಲು ಸಾಲದು.

ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದು, 1958ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಂಗಳೂರಿನಲ್ಲಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ (1918–2012) ಅವರು ಗ್ರಾನೈಟ್ ಶಿಲೆಗಳ ಅಧ್ಯಯನದಿಂದ ಹೆಸರಾದವರಾದರೂ ಅಂತರ್ಜಲದ ಶೋಧಕ್ಕೂ ಒತ್ತು ಕೊಟ್ಟವರು. ಅಂಥವರ ವೃತ್ತಿಜೀವನವನ್ನು ನೆನೆಯುವ ಬಹುಮಾನ ಕ್ಷೇತ್ರಕಾರ್ಯಕ್ಕೆ ಸಲ್ಲಬೇಕಾದುದು ನ್ಯಾಯ.

ಅದಕ್ಕೆ ಹಾವೇರಿ ಜಿಲ್ಲೆಯಷ್ಟು ತಕ್ಕ ನೆಲ ಬೇರೆ ಬೇಕಿಲ್ಲ. ಮರಳು, ಜೇಡಿ, ಕಲ್ಲಿನ ಚೂರುಗಳು ಕಲೆತು ಗಟ್ಟಿಯಾದ ಗ್ರೇವ್ಯಾಕ್ ಎಂಬ ಶಿಲೆಯ ಒಂದು ಸಮೂಹವನ್ನು ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರಿನಿಂದಲೇ ಗುರುತಿಸುತ್ತಾರೆ. ಇಂಥ ಗಟ್ಟಿ ಶಿಲೆಯ ಒಡಲಲ್ಲಿ ನೀರಿಗೆ ಜಾಗವಿಲ್ಲ. ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರವಾದ್ದರಿಂದ, ಒಂದು ಹೊಲದ ಬೋರಿಗೆ ನೀರು ಬಿದ್ದರೆ ಬದುವಿನಾಚೆಯ ಬೋರಿನಲ್ಲಿ ಬರೀ ಪುಡಿ ಏಳುತ್ತದೆ. ‘ಎರಡಿಂಚು ನೀರು’ ಎಂದು ರೈತರು ಹೇಳುವ ಲೆಕ್ಕ, ವಿ ಆಕಾರದ ಕಚ್ಚುಳ್ಳ ತಗಡಿನ ಮೇಲೆ ಹಾಯುವ ನೀರಿನ ಎತ್ತರದ್ದು. (ಎರಡಿಂಚು ಎಂದರೆ ಒಂದಿಂಚಿನ ಇಮ್ಮಡಿಯಲ್ಲ, ಐದು ಪಟ್ಟಿಗೂ ಮಿಗಿಲು, ಬೋರು ಕೊರೆಸುವವರಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.)

ಬ್ಯಾಡಗಿ ಸೀಮೆಯ ತೆರೆದ ಬಾವಿಗಳನ್ನು ಅಭ್ಯಾಸಕ್ಕೆ ಆರಿಸಿಕೊಂಡ ವಿದ್ಯಾರ್ಥಿ, ಮುಂಗಾರಿಗೆ ಮುನ್ನ ಮೇ ತಿಂಗಳಿನಲ್ಲೂ ಮಳೆ ಮುಗಿದ ಮೇಲೆ ನವೆಂಬರಿನಲ್ಲೂ ಅವೇ ಬಾವಿಗಳಿಗೆ ಹೋಗಬೇಕಾಗುತ್ತದೆ. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟರೆ, ಸುಣ್ಣ ಎಲ್ಲಿಯವರೆಗೆ ನೆನೆದಿದೆಯೋ ಅದರಿಂದ ನೀರಿನ ಆಳ ತಿಳಿಯುತ್ತದೆ. ಎರಡು ಅಳತೆಗಳ ನಡುವೆ ಮಟ್ಟ 3 ಮೀಟರ್ ಏರಿದ್ದು, ಪದರವು ತನ್ನ ಗಾತ್ರದ ಶೇ 2ರಷ್ಟು ನೀರನ್ನಷ್ಟೇ ಬಿಟ್ಟುಕೊಡುವಂಥದ್ದಾದರೆ, ನೆಲದಲ್ಲಿ ಕೂಡಿಕೊಂಡದ್ದು 60 ಮಿಲಿಮೀಟರ್ ನೀರು. ಆ ಪ್ರಮಾಣ ಶೇ 1 ಆದರೆ 30 ಮಾತ್ರ. ಪದರವು ಹೀಗೆ ಬಿಟ್ಟುಕೊಡುವ ಪಾಲನ್ನು ನಿರ್ದಿಷ್ಟ ಇಳುವರಿ ಎನ್ನುತ್ತಾರೆ.

ವರ್ಷಕ್ಕೆ ಎತ್ತಬಹುದಾದ ಅಂತರ್ಜಲದಲ್ಲಿ ಶೇ 70ರವರೆಗೆ ಎತ್ತುವ ಪ್ರದೇಶವನ್ನು ಸುರಕ್ಷಿತವೆಂದೂ ಶೇ 100 ದಾಟಿದ್ದನ್ನು ಅತಿಬಳಕೆಯದೆಂದೂ ವಿಂಗಡಿಸುವ ಸರ್ಕಾರಿ ಲೆಕ್ಕವು ಇದೇ ಸಣ್ಣ ಸಂಖ್ಯೆಯನ್ನು ನೆಚ್ಚಿಕೊಂಡಿದೆ. ಇಡೀ ಸೀಮೆಗೆ ಒಂದೇ ಅಂದಾಜನ್ನು ಹಚ್ಚುವ ಬದಲು ಅದನ್ನು ಪಂಪು ನಡೆಸಿ, ಬಾವಿ ಬಾವಿಗೂ ಪರೀಕ್ಷಿಸಿ ನಿಗದಿಮಾಡಿದ ಸ್ನಾತಕೋತ್ತರ ಪ್ರಬಂಧವೊಂದಿದ್ದರೆ, ದತ್ತಿ ಪದಕ ಮೊದಲು ಅದಕ್ಕೆ ಸಲ್ಲಬೇಕು.