ಯಾವ ಲೆನ್ಸ್? ಮೊದಲು ದೂರ ಹೇಳಿ

‘ಸಾರ್, ಕ್ಯಾಮೆರಾ ಕೊಂಡಿದ್ದೇನೆ. ಲೆನ್ಸ್ ಯಾವುದು ತಗೊಳ್ಳಲಿ?’ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆ ಇದು. ‘ಯಾವುದರ ಚಿತ್ರ? ಎಷ್ಟು ದೂರ ನಿಲ್ಲುತ್ತೀಯ?’ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಲೆನ್ಸಿನ ಮೇಲೆ 28, 50, 300 ಎಂದು ಮಿಲಿಮೀಟರಿನಲ್ಲಿ ಬರೆದಿರುವುದು ಅದರ ಸಂಗಮದೂರ. ಸಂಖ್ಯೆ ಚಿಕ್ಕದಾದಷ್ಟೂ ನೋಟ ವಿಶಾಲ. ದೊಡ್ಡದಾದಷ್ಟೂ ನೋಟ ಕಿರಿದು, ಬಿಂಬ ದೊಡ್ಡದು. ಇಲ್ಲಿನ ಲೆಕ್ಕವೆಲ್ಲ 36x24 ಮಿ.ಮೀ. ಚೌಕಟ್ಟಿನ ಕ್ಯಾಮೆರಾಕ್ಕೆ.

ಬೇಲೂರಿನಂಥ ದೇವಾಲಯವನ್ನು ಇಡಿಯಾಗಿ ಹಿಡಿಯಬೇಕು, ಹಿಂದೆ ಸರಿಯಲು ಜಾಗವಿಲ್ಲ ಎಂದಾಗ 24 ಅಥವಾ 28 ನೆರವಿಗೆ ಬರುತ್ತದೆ. ಆದರೆ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಕಂಬಗಳು ಒಂದಕ್ಕೊಂದು ಬಾಗಿದಂತೆ ಕಾಣುತ್ತವೆ, ಎಚ್ಚರ!

ಅದೇ 28ರಲ್ಲಿ ಅಜ್ಜಿಯ ಮುಖವನ್ನು ಚೌಕಟ್ಟಿನ ತುಂಬ ತೆಗೆಯಲು ಹೋದರೆ ಮೂಗು ಬದನೆಕಾಯಿಯಾಗುತ್ತದೆ. ತಪ್ಪು ಲೆನ್ಸಿನದಲ್ಲ, ತೀರ ಹತ್ತಿರ ಹೋದ ನಮ್ಮದು. ಅಷ್ಟು ಸಮೀಪದಲ್ಲಿ ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ಬಹಳ ಹತ್ತಿರವಾಗಿಬಿಡುತ್ತದೆ. 85ರಿಂದ 105ರ ಲೆನ್ಸ್ ಹಾಕಿ ಐದಾರು ಅಡಿ ದೂರ ನಿಲ್ಲಿ. ಮುಖವೂ ಸಹಜ, ಅಜ್ಜಿಗೂ ಸಂಕೋಚವಿಲ್ಲ. ಚಿಟ್ಟೆಗೆ 100ರ ಮ್ಯಾಕ್ರೊ ಲೆನ್ಸ್ ಒಳ್ಳೆಯದು. 50ರ ಮ್ಯಾಕ್ರೊ ಕೊಡುವಷ್ಟೇ ದೊಡ್ಡ ಬಿಂಬವನ್ನು ಅದು ಇನ್ನಷ್ಟು ದೂರದಿಂದಲೇ ಕೊಡುತ್ತದೆ.

ಇನ್ನು ಹಕ್ಕಿ. 30 ಸೆಂ.ಮೀ. ಎತ್ತರದ ಹಕ್ಕಿ 15 ಮೀಟರ್ ದೂರದಲ್ಲಿದೆ ಎನ್ನಿ. 300ರ ಲೆನ್ಸಿನಲ್ಲಿ ಅದರ ಬಿಂಬ 6 ಮಿ.ಮೀ., 50ರಲ್ಲಿ ಬರಿಯ 1 ಮಿ.ಮೀ. 50ರಲ್ಲೇ 6 ಮಿ.ಮೀ. ಬೇಕಾದರೆ ಎರಡೂವರೆ ಮೀಟರಿಗೆ ಹೋಗಬೇಕು. ಹಕ್ಕಿ ಬಿಟ್ಟೀತೆ?

ಈ ಲೆಕ್ಕ ಗೊತ್ತಿದ್ದೂ ನಾನೊಮ್ಮೆ ಹೋಗಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಕೈಯಲ್ಲಿದ್ದುದು 50 ಒಂದೇ. ಶಾಲೆಯ ಬೇಲಿಯಲ್ಲಿ ಪಿಕಳಾರದ ಗೂಡು, ಒಳಗೆ ಮೂರು ಮರಿ. ಅಡ್ಡವಿದ್ದ ರೆಂಬೆಯನ್ನು ಪಕ್ಕಕ್ಕೆಳೆದು ದಾರದಿಂದ ಕಟ್ಟಿ ಚಿತ್ರ ತೆಗೆದೆ. ದಾರ ಬಿಚ್ಚುವುದು ಮರೆತುಹೋಯಿತು. ಮಾರನೆಯ ದಿನ ಗೂಡು ಖಾಲಿ. ಬೇಲಿಯ ಮೇಲೆ ಕಾಗೆ ಕೂತಿತ್ತು. ಚಿತ್ರವೇನೋ ಚೆನ್ನಾಗಿ ಬಂದಿತ್ತು. ಇಂದಿಗೂ ಅದನ್ನು ಯಾರಿಗೂ ತೋರಿಸಿಲ್ಲ.

ದೊಡ್ಡ ಲೆನ್ಸ್ ದುಬಾರಿ, ನಿಜ. ಕೊಳ್ಳಲಾಗದಿದ್ದರೆ ದೂರದಲ್ಲೇ ನಿಂತು ಇರುವುದರಲ್ಲೇ ತೆಗೆಯಿರಿ. ಮರ ದೊಡ್ಡದಾಗಿ, ಹಕ್ಕಿ ಚಿಕ್ಕದಾಗಿ ಬಂದೀತು. ಬರಲಿ ಬಿಡಿ. ಹಕ್ಕಿಯ ಮನೆ ಎಂಥದೆಂದು ನೋಡಿದವರಿಗೆ ತಿಳಿಯುತ್ತದೆ.