ಮೊದಲು ಮೈದಾನ, ಆಮೇಲೆ ಕಟ್ಟಡ

ಕೊಡಗಿನಲ್ಲಿ ಕಕ್ಕಡ ತಿಂಗಳೆಂದರೆ ಶಾಲೆಗಳಿಗೆ ಮಳೆ ರಜೆಯ ಕಾಲ. ಮಕ್ಕಳಿಗೆ ಸಂಭ್ರಮ, ಮೇಷ್ಟ್ರುಗಳಿಗೆ ಪಾಠ ಮುಗಿಸುವ ಚಿಂತೆ. ತೋಡು ದಾಟಿ, ಕಾಫಿ ತೋಟದ ನಡುವಿನ ಹಾದಿಯಲ್ಲಿ ಮಕ್ಕಳು ನಡೆದು ಬರುವ ಈ ಜಿಲ್ಲೆಯಲ್ಲಿ ಶಾಲೆಯನ್ನು ಎಲ್ಲಿ, ಹೇಗೆ ಕಟ್ಟಬೇಕೆಂಬುದು ಎಂಜಿನಿಯರುಗಳಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ.

ಶಿಶುವಿಹಾರದಿಂದ ಪದವಿಪೂರ್ವ ತರಗತಿಯವರೆಗೆ ಎಲ್ಲವೂ ಒಂದೇ ಆವರಣದಲ್ಲಿರಬೇಕೆಂಬ ವಿಚಾರಕ್ಕೆ ರಾಜ್ಯದಲ್ಲಿ ರೂಪ ಕೊಟ್ಟದ್ದು 2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳು. ಹಳ್ಳಿಗೊಂದರಂತೆ ಪ್ರಯೋಗಾಲಯ, ಗ್ರಂಥಾಲಯ, ಸಭಾಂಗಣ ಒದಗಿಸುವುದು ಕಷ್ಟ. ಒಂದೆಡೆ ಸೇರಿಸಿದರೆ ಎಲ್ಲ ಮಕ್ಕಳಿಗೂ ಸಿಗುತ್ತವೆ ಎಂಬುದು ಇದರ ಹಿಂದಿನ ಲೆಕ್ಕ.

ಆದರೆ ಕೊಡಗಿನ ಲೆಕ್ಕ ಸ್ವಲ್ಪ ಬೇರೆ. 2011ರ ಜನಗಣತಿಯಂತೆ ಇಲ್ಲಿ ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319. ಮನೆಗಳು ದೂರ ದೂರ. ಗಾಳಿಬೀಡಿನ ನವೋದಯ ವಿದ್ಯಾಲಯ, 2007ರಲ್ಲಿ ಕೂಡಿಗೆಯಲ್ಲಿ ಆರಂಭವಾದ ಸೈನಿಕ ಶಾಲೆಗಳಂಥ ವಸತಿ ಶಾಲೆಗಳಿಗೆ ಈ ದೂರ ಅಡ್ಡಿಯಲ್ಲ. ಸಂಜೆ ಮನೆಗೆ ಮರಳುವ ಆರು ವರ್ಷದ ಮಗುವಿಗೆ ಅದೇ ದೊಡ್ಡ ಅಡ್ಡಿ. ಆದ್ದರಿಂದ ವಾಹನ ವ್ಯವಸ್ಥೆಯೂ ಕಟ್ಟಡದ ನಕ್ಷೆಯಷ್ಟೇ ಮುಖ್ಯ.

ಇನ್ನು ಜಾಗದ ಮಾತು. ಶಾಲೆಗೆ ಬೇಕಾದ ಅತಿ ದೊಡ್ಡ ಸಮತಟ್ಟು ನೆಲ ತರಗತಿಯದಲ್ಲ, ಮೈದಾನದ್ದು. ಹಾಕಿಯ ತವರಾದ ಕೊಡಗಿನಲ್ಲಿ ಮೈದಾನವಿಲ್ಲದ ಶಾಲೆಯನ್ನು ಯಾರೂ ಒಪ್ಪುವುದಿಲ್ಲ. ಹಾಕಿ ಅಂಕಣದ ಅಳತೆ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಸಾಧಾರಣ ಇಳಿಜಾರಿನಲ್ಲೂ ಈ ಅಗಲದ ಎರಡು ಅಂಚುಗಳ ನಡುವೆ ಐದೂವರೆ ಮೀಟರ್ ವ್ಯತ್ಯಾಸ ಬರುತ್ತದೆ. ಮೇಲಿನ ಮಣ್ಣು ಕಡಿದು ಕೆಳಗೆ ತುಂಬಿದರೆ ಒಂದು ಕಡೆ ಕಡಿದಾದ ಗೋಡೆ, ಇನ್ನೊಂದು ಕಡೆ ಸಡಿಲ ಮಣ್ಣು. ಜೋರು ಮಳೆಯಲ್ಲಿ ಇವೆರಡೂ ಕುಸಿಯಬಹುದು.

2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಬೆಟ್ಟಗಳು ಜರಿದಾಗ ಈ ಪಾಠ ಎಲ್ಲರಿಗೂ ಅರ್ಥವಾಯಿತು. ಅತಿಯಾದ ಮಳೆಯ ಜೊತೆಗೆ, ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಆಗ ನಿರಾಶ್ರಿತರಿಗೆ ಆಸರೆಯಾದದ್ದರಲ್ಲಿ ಶಾಲೆಗಳೂ ಇದ್ದವು. ಊರಿಗೆ ಆಪತ್ತು ಬಂದಾಗ ಜನ ಓಡಿ ಬರುವ ಕಟ್ಟಡವೇ ಅಪಾಯದ ಅಂಚಿನಲ್ಲಿರಬಾರದು.

ಆದ್ದರಿಂದ ಮೊದಲು ಮೈದಾನಕ್ಕೆ ಒಗ್ಗುವ ನೆಲ ಹುಡುಕಬೇಕು. ಆಮೇಲೆ ಕಟ್ಟಡಗಳನ್ನು ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಬೇಕು. ತಡೆಗೋಡೆಯಲ್ಲಿ ನೀರು ಹೊರಬೀಳಲು ರಂಧ್ರಗಳು, ಅದರ ಮೇಲ್ಭಾಗದಲ್ಲಿ ಮಳೆನೀರಿಗೆ ಚರಂಡಿ ಇರಲೇಬೇಕು. ಚಿಕ್ಕ ಮಕ್ಕಳ ತರಗತಿ ನೆಲಮಟ್ಟದಲ್ಲಿ, ಅವರದೇ ಅಂಗಳ, ಶೌಚಾಲಯ ಮತ್ತು ಪ್ರತ್ಯೇಕ ಗೇಟಿನೊಂದಿಗೆ ಇರುವುದು ಒಳ್ಳೆಯದು. ನಾಲ್ಕು ವರ್ಷದ ಮಗುವೂ ಹದಿನೇಳರ ಯುವಕನೂ ಒಂದೇ ಓಣಿಯಲ್ಲಿ ಓಡಾಡಿದರೆ ಬೀಳುವುದು ಮಗುವೇ.

ಮಳೆಯನ್ನು ಎದುರಿಸುವ ಉಪಾಯ ಕೊಡಗಿನ ಐನ್‌ಮನೆಗಳಲ್ಲೇ ಇದೆ. ಗದ್ದೆಗಿಂತ ಎತ್ತರದ ಜಾಗ, ಎತ್ತರಿಸಿದ ಜಗಲಿ, ಇಳಿಜಾರು ಮಾಡು, ಎದುರಿಗೆ ಕೈಯಾಲೆ. ಹೊಸ ಶಾಲೆಗೂ ಇವೇ ಬೇಕು: ಅಗಲವಾದ ಜಗಲಿ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸೂರಿರುವ ಹಾದಿ, ಒದ್ದೆ ಕೊಡೆ ಇಡಲು ಜಾಗ, ಮಳೆಗಾಲದ ಆಟಕ್ಕೆ ಒಂದು ಚಾವಡಿ. ಸಮತಟ್ಟು ತಾರಸಿ ಬಯಲುಸೀಮೆಗೆ ಒಗ್ಗೀತು. ಇಲ್ಲಿ ಅದು ಸೋರುತ್ತದೆ.

ಮಳೆ ಕೊಡುವುದೂ ಉಂಟು. ಸಾವಿರ ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಸುರಿದರೆ 30 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲೊಂದು ಪಾಲನ್ನು ತೊಟ್ಟಿಯಲ್ಲಿ ಹಿಡಿದಿಟ್ಟರೂ ಮಾರ್ಚ್ ತಿಂಗಳಲ್ಲಿ ಬಾವಿ ಆರಿದಾಗ ಬಿಸಿಯೂಟದ ಅಡುಗೆಮನೆಗೆ ಆಸರೆಯಾಗುತ್ತದೆ.

ದೊಡ್ಡ ಆವರಣ ಕಟ್ಟಿದ ಮೇಲೆ ಹತ್ತಿರದ ಚಿಕ್ಕ ಶಾಲೆಯ ಬಾಗಿಲು ಮುಚ್ಚುವ ಮಾತು ಬರುವುದು ಸಹಜ. ಬಸ್ಸು ಬಾರದ ದಿನ ತೋಟದ ಲೈನ್ ಮನೆಯ ಮಗು ಶಾಲೆಗೆ ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲಷ್ಟೇ ಆ ಬೀಗ ಹಾಕುವುದು ನ್ಯಾಯ.